ಮಿಜೋರಾಂ ಓದಿದೆ, ಆದರೂ ಅಲ್ಲಿ ಎಚ್‌ಐವಿ ಯಾಕೆ ಇಷ್ಟು ಜಾಸ್ತಿ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಇತ್ತೀಚೆಗೆ ಒಂದು ತರಬೇತಿಯಲ್ಲಿ ‘ಸಾಕ್ಷರತೆ ಏರಿದರೆ ಎಚ್‌ಐವಿ ತಾನಾಗಿಯೇ ಇಳಿಯುತ್ತದೆ’ ಎಂದು ಹೇಳಿ ಕೇರಳವನ್ನು ಉದಾಹರಣೆ ಕೊಟ್ಟರು. ಮನೆಗೆ ಬಂದು ಹುಡುಕಿದರೆ ಮಿಜೋರಾಂ ಸಿಕ್ಕಿತು. ಸಾಕ್ಷರತೆಯಲ್ಲಿ ಕೇರಳದ ಪಕ್ಕದಲ್ಲೇ ನಿಲ್ಲುವ ರಾಜ್ಯ, ಎಚ್‌ಐವಿಯಲ್ಲಿ ದೇಶಕ್ಕೇ ಮೊದಲು. ಹಾಗಾದರೆ ಓದಿಗೂ ಈ ಸೋಂಕಿಗೂ ಸಂಬಂಧ ಇದೆಯೋ ಇಲ್ಲವೋ? ತರಗತಿಯಲ್ಲಿ ಇದನ್ನೆಲ್ಲ ಹೇಳಿ ಪ್ರಯೋಜನ ಇದೆಯಾ?

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸಂಬಂಧ ಇದೆ, ಆದರೆ ತರಬೇತಿಯಲ್ಲಿ ಹೇಳಿದಷ್ಟು ನೇರವಾಗಿಲ್ಲ. ‘ತಾನಾಗಿಯೇ’ ಎನ್ನುವ ಒಂದು ಪದ ಬಿಟ್ಟಿದ್ದರೆ ನಾನು ಅರ್ಧ ಒಪ್ಪುತ್ತಿದ್ದೆ.

ಮೊದಲು ಅಂಕಿಗಳನ್ನು ನೋಡೋಣ. 2011ರ ಜನಗಣತಿಯಲ್ಲಿ ಕೇರಳದ ಸಾಕ್ಷರತೆ ಶೇ. 94, ಮಿಜೋರಾಂದು ಶೇ. 91.3. ಹೆಚ್ಚು ವ್ಯತ್ಯಾಸವೇನಿಲ್ಲ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2021ಕ್ಕೆ ಮಾಡಿದ ಅಂದಾಜಿನ ಪ್ರಕಾರ ವಯಸ್ಕರಲ್ಲಿ ಎಚ್‌ಐವಿ ಇರುವವರು ಮಿಜೋರಾಂನಲ್ಲಿ ಶೇ. 2.7, ಕೇರಳದಲ್ಲಿ ಶೇ. 0.06. ದೇಶದ ಸರಾಸರಿ ಶೇ. 0.21, ನಮ್ಮ ಕರ್ನಾಟಕ ಶೇ. 0.46. ಇನ್ನು ಬಿಹಾರ ತೆಗೆದುಕೊಳ್ಳಿ. ಅದೇ ಜನಗಣತಿಯಲ್ಲಿ ಸಾಕ್ಷರತೆ ಶೇ. 62ರ ಹತ್ತಿರ, ಎಲ್ಲ ರಾಜ್ಯಗಳಿಗಿಂತ ಹಿಂದೆ. ಅಲ್ಲಿನ ಎಚ್‌ಐವಿ ಪ್ರಮಾಣ ಮಾತ್ರ ದೇಶದ ಸರಾಸರಿಗಿಂತ ಕಡಿಮೆ. ಓದು ಬರಹ ಇಲ್ಲದಿರುವುದೇ ಕಾರಣವಾಗಿದ್ದರೆ ಈ ಪಟ್ಟಿ ತಲೆಕೆಳಗಾಗಿ ಇರಬೇಕಿತ್ತು, ಅಲ್ವಾ?

ಆಫ್ರಿಕಾದಲ್ಲೂ ಇದೇ ಕಥೆ. ಬೋಟ್ಸ್ವಾನಾ ಮತ್ತು ಜಿಂಬಾಬ್ವೆ ಆ ಖಂಡದಲ್ಲಿ ಚೆನ್ನಾಗಿ ಓದಿದ ದೇಶಗಳು. 2000ದ ಹೊತ್ತಿಗೆ ಬೋಟ್ಸ್ವಾನಾದಲ್ಲಿ ನಾಲ್ಕು ವಯಸ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಅತ್ತ ನೈಜರ್ ದೇಶದಲ್ಲಿ ಬಹುಪಾಲು ಜನಕ್ಕೆ ಓದಲು ಬರುವುದಿಲ್ಲ, ಅಲ್ಲಿ ಪ್ರಮಾಣ ಶೇ. 1ಕ್ಕಿಂತ ಕೆಳಗೆ.

ಯಾಕೆ ಹೀಗೆ? ಈ ವೈರಸ್ಸು ಹರಡುವುದಕ್ಕೆ ಇರುವ ದಾರಿಗಳು ಕೆಲವೇ: ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ಸೋಂಕಿರುವ ರಕ್ತ, ತಾಯಿಯಿಂದ ಮಗು. ಒಂದು ಊರಿನಲ್ಲಿ ಎಚ್‌ಐವಿ ಎಷ್ಟಿದೆ ಎನ್ನುವುದನ್ನು ಮೊದಲು ತೀರ್ಮಾನಿಸುವುದು ಆ ದಾರಿಗಳಲ್ಲಿ ಎಷ್ಟು ಓಡಾಟ ಇದೆ ಎನ್ನುವುದು. ಓದು ಬರುವುದು ಆಮೇಲೆ. ಮಿಜೋರಾಂ ಮ್ಯಾನ್ಮಾರ್ ಗಡಿಗೆ ಅಂಟಿಕೊಂಡಿದೆ, ಹೆರಾಯಿನ್ ಸಾಗುವ ದಾರಿ ಅದು. ಅಲ್ಲಿ ಯುವಕರು ನರಕ್ಕೆ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದರು. ಹೆರಾಯಿನ್ ಸಿಗದಿದ್ದಾಗ ಪ್ರಾಕ್ಸಿವಾನ್ ಥರದ ನೋವಿನ ಕ್ಯಾಪ್ಸೂಲ್‌ಗಳನ್ನೇ ಪುಡಿ ಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಂಡರು. ಒಂದು ಸಿರಿಂಜ್ ನಾಲ್ಕೈದು ಜನರ ಕೈ ಬದಲಿಸಿದರೆ ಸಾಕು, ಲೈಂಗಿಕ ಸಂಪರ್ಕಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸೋಂಕು ದಾಟುತ್ತದೆ. ಅವರಿಂದ ಅವರ ಹೆಂಡತಿಯರಿಗೆ, ಗೆಳತಿಯರಿಗೆ. ಈಗ ಅಲ್ಲಿ ಹೊಸ ಸೋಂಕುಗಳಲ್ಲಿ ಹೆಚ್ಚಿನವು ಲೈಂಗಿಕ ಸಂಪರ್ಕದಿಂದಲೇ ಬರುತ್ತಿವೆ. ಐಜ್ವಾಲ್ ಜಿಲ್ಲೆಯ ಸಾಕ್ಷರತೆ ಶೇ. 98ರ ಹತ್ತಿರ ಇದೆ. ಎಚ್‌ಐವಿ ಬಗ್ಗೆ ಸರಿಯಾದ ತಿಳಿವಳಿಕೆ ಇರುವ ಹೆಂಗಸರ ಪ್ರಮಾಣವೂ ದೇಶದಲ್ಲೇ ಜಾಸ್ತಿ ಇರುವ ರಾಜ್ಯಗಳಲ್ಲಿ ಮಿಜೋರಾಂ ಒಂದು. ಗೊತ್ತಿಲ್ಲ ಅಂತ ಆದದ್ದಲ್ಲ ಅದು. ಮಾದಕವಸ್ತುವಿಗೆ ಒಳಗಾದ ದೇಹ ಹಠ ಹಿಡಿದಾಗ, ಪಕ್ಕದಲ್ಲಿ ಹೊಸ ಸೂಜಿ ಇಲ್ಲದಾಗ, ಗೊತ್ತಿರುವ ವಿಷಯ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ಉಚಿತ ಸಿರಿಂಜ್, ಚಟಕ್ಕೆ ಬದಲಿ ಔಷಧಿ ಕೊಡುವ ಕೇಂದ್ರ, ಪೊಲೀಸರ ಭಯವಿಲ್ಲದೆ ಒಳಗೆ ಕಾಲಿಡುವ ಜಾಗ. ಭಿತ್ತಿಪತ್ರ ಎಷ್ಟು ಅಂಟಿಸಿದರೂ ಇವುಗಳ ಜಾಗ ತುಂಬುವುದಿಲ್ಲ.

ಬೋಟ್ಸ್ವಾನಾದ ಕಾರಣ ಬೇರೆ. ಗಣಿ ಕೆಲಸಕ್ಕೆ ಗಂಡಸರು ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುವುದು, ಕೈಯಲ್ಲಿ ದುಡ್ಡು, ಒಳ್ಳೆಯ ರಸ್ತೆ, ಊರೂರಿಗೆ ಓಡಾಟ. ಓದಿದವರಿಗೆ ಸಂಬಳ ಜಾಸ್ತಿ, ತಿರುಗಾಟ ಜಾಸ್ತಿ, ಹಾಗಾಗಿ ಸಂಗಾತಿಗಳ ಸಂಖ್ಯೆಯೂ ಜಾಸ್ತಿ. ಸೋಂಕಿನ ಮೊದಲ ವರ್ಷಗಳಲ್ಲಿ ಆಫ್ರಿಕಾದ ಹಲವು ಕಡೆ ಶಿಕ್ಷಕರು, ಗುಮಾಸ್ತರು, ಲಾರಿ ಓಡಿಸುವವರು, ಅಂದರೆ ನಾಲ್ಕು ಕಾಸು ಕಂಡವರೇ ಮೊದಲು ಸಿಕ್ಕಿಬಿದ್ದರು.

ಇಲ್ಲಿಂದ ಮುಂದೆ ಓದಿನ ಪಾತ್ರ ಬದಲಾಗುತ್ತದೆ. ಉಗಾಂಡಾದ ಮಸಾಕಾ ಪ್ರದೇಶದ ಹಳ್ಳಿಗಳಲ್ಲಿ ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ರಕ್ತ ಪರೀಕ್ಷೆ ಮಾಡಿದ ಅಧ್ಯಯನ ಇದೆ. 1990ರ ಸುಮಾರಿಗೆ ಅಲ್ಲಿ ಓದಿಗೂ ಸೋಂಕಿಗೂ ಸಂಬಂಧ ಕಾಣಲಿಲ್ಲ. ಹತ್ತು ವರ್ಷ ಕಳೆದ ಮೇಲೆ ನೋಡಿದರೆ, ಓದಿದ ಯುವತಿಯರಲ್ಲಿ ಸೋಂಕು ಸ್ಪಷ್ಟವಾಗಿ ಕಡಿಮೆ. ಮಧ್ಯೆ ಆದದ್ದೇನು? ಸರ್ಕಾರ 80ರ ದಶಕದ ಕೊನೆಯಿಂದಲೇ ರೇಡಿಯೋ, ಸಭೆ, ಶಾಲೆ, ಚರ್ಚು ಎಲ್ಲ ಕಡೆ ಮುಚ್ಚುಮರೆಯಿಲ್ಲದೆ ಮಾತಾಡಿತು. ಆ ಮಾತನ್ನು ಮೊದಲು ಹಿಡಿದು ನಡತೆ ಬದಲಿಸಿಕೊಂಡವರು ಓದಿದವರು. ಅಂದರೆ ಓದು ಸುಮ್ನೆ ಕಾಪಾಡಲಿಲ್ಲ. ಓದಿದವರ ಕೈಗೆ ನಿಜವಾದ ಮಾಹಿತಿ ಸಿಕ್ಕಾಗ ಕಾಪಾಡಿತು. ಮಾಹಿತಿಯೇ ಬಾರದ ಕಡೆ, ಅಥವಾ ಬಂದರೂ ಅರ್ಧಂಬರ್ಧ ಬಂದ ಕಡೆ, ಅಕ್ಷರ ತನ್ನಷ್ಟಕ್ಕೆ ತಾನು ಇರುತ್ತದೆ, ವೈರಸ್ಸು ತನ್ನಷ್ಟಕ್ಕೆ ತಾನು ಹರಡುತ್ತದೆ.

ನಮ್ಮ ದೇಶದಲ್ಲಿ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು. ಅದು ಬರುವ ತನಕ ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಸೋಂಕಿತರಿದ್ದಾರೆ ಎಂಬ ಲೆಕ್ಕವಿತ್ತು, ಆಮೇಲೆ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. ಆ ಸಮೀಕ್ಷೆಯಲ್ಲಿ ಹನ್ನೆರಡನೇ ತರಗತಿ ದಾಟಿದವರಲ್ಲಿ ಸೋಂಕು ಕಡಿಮೆ ಇತ್ತು. ಆದರೆ ಒಂದು ಮಾತು ಗಮನಿಸಿ. ಜನಗಣತಿಯ ‘ಸಾಕ್ಷರ’ ಎಂದರೆ ಏಳು ವರ್ಷ ದಾಟಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು ಅಷ್ಟೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರೂ ಅದರಲ್ಲಿ ಬರಬಹುದು, ಪಿಎಚ್‌ಡಿ ಮಾಡಿದವರೂ ಬರುತ್ತಾರೆ. ರಾಜ್ಯದ ಸಾಕ್ಷರತೆ ಅಂಕಿ ಒಂದು ಕಡೆ, ರಾಜ್ಯದ ಎಚ್‌ಐವಿ ಅಂಕಿ ಇನ್ನೊಂದು ಕಡೆ ಇಟ್ಟು ಗೆರೆ ಎಳೆದರೆ, ಆ ರಾಜ್ಯದಲ್ಲಿ ಸೋಂಕು ತಗಲಿದ್ದು ಓದಿದವರಿಗೋ ಓದದವರಿಗೋ ಎಂದು ಗೊತ್ತೇ ಆಗುವುದಿಲ್ಲ. ತರಬೇತಿಗಳಲ್ಲಿ ತೋರಿಸುವ ಚಾರ್ಟುಗಳ ದೊಡ್ಡ ಕಾಯಿಲೆ ಇದು.

ಇನ್ನೊಂದು ತೊಡಕೂ ಇದೆ, ಅದು ‘ಪ್ರಮಾಣ’ ಎನ್ನುವ ಅಂಕಿಯ ಒಳಗೇ ಕೂತಿದೆ. ಅದು ಎಣಿಸುವುದು ಈಗ ಬದುಕಿರುವ ಸೋಂಕಿತರನ್ನು. ಹಿಂದೆ ಎಚ್‌ಐವಿ ಬಂದವರು ಎಂಟು ಹತ್ತು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. 2017ರಿಂದ ಪಾಸಿಟಿವ್ ಬಂದ ಪ್ರತಿಯೊಬ್ಬರಿಗೂ, ಸಿಡಿ4 (ರೋಗನಿರೋಧಕ ರಕ್ತಕಣಗಳ ಲೆಕ್ಕ) ಎಷ್ಟಿದ್ದರೂ, ತಕ್ಷಣ ಚಿಕಿತ್ಸೆ. ಈಗ ಅವರು ಬದುಕುತ್ತಿದ್ದಾರೆ, ದುಡಿಯುತ್ತಿದ್ದಾರೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಹಾಗಾಗಿ ಚೆನ್ನಾಗಿ ಚಿಕಿತ್ಸೆ ಕೊಡುವ ರಾಜ್ಯದ ಪ್ರಮಾಣ ಬೇಗ ಇಳಿಯುವುದಿಲ್ಲ. ಬೋಟ್ಸ್ವಾನಾದಲ್ಲಿ 2021ರ ಸಮೀಕ್ಷೆಯಲ್ಲೂ ಐವರು ವಯಸ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಆದರೆ ಅವರಲ್ಲಿ ಶೇ. 95 ಜನಕ್ಕೆ ತಮಗೆ ಸೋಂಕಿದೆ ಎಂದು ಗೊತ್ತಿತ್ತು, ಗೊತ್ತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಇದನ್ನು ಸೋಲು ಅನ್ನುತ್ತೀರಾ? ನಾನಂತೂ ಅನ್ನುವುದಿಲ್ಲ. ಓದಿನಿಂದ, ಅರಿವಿನಿಂದ ಏನಾಯಿತು ಎಂದು ತಿಳಿಯಬೇಕಾದರೆ ಈ ವರ್ಷ ಹೊಸದಾಗಿ ಎಷ್ಟು ಜನಕ್ಕೆ ಬಂತು, ಎಷ್ಟು ಮಕ್ಕಳು ಸೋಂಕಿನೊಂದಿಗೆ ಹುಟ್ಟಿದರು, ಎಷ್ಟು ಜನ ಸತ್ತರು ಎನ್ನುವುದನ್ನು ನೋಡಬೇಕು.

ಈಗ ನಿಮ್ಮ ಜಿಲ್ಲೆಗೇ ಬರೋಣ. 2003ರಲ್ಲಿ ಬಾಗಲಕೋಟೆಯಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು ಮೂರು ಜನಕ್ಕೆ ಎಚ್‌ಐವಿ ಇದೆ ಎಂದು ಬಂತು. ಬೆಂಗಳೂರಿನಂಥ ದೊಡ್ಡ ಊರಲ್ಲ, ಹಳ್ಳಿಗಳಲ್ಲೇ ಇಷ್ಟು. ಹಳ್ಳಿಯಿಂದ ಹಳ್ಳಿಗೂ ತುಂಬ ವ್ಯತ್ಯಾಸವಿತ್ತು. ‘ಓದಿಲ್ಲದ ಹಳ್ಳಿ ಜನ, ಅದಕ್ಕೇ’ ಎಂದು ಆಗ ಬಹಳ ಜನ ಸಲೀಸಾಗಿ ಹೇಳಿದರು. ಬಾಗಲಕೋಟೆಯ ಸಾಕ್ಷರತೆ 2011ರಲ್ಲೂ ಶೇ. 69ರ ಆಸುಪಾಸು ಇತ್ತು, ನಿಜ. ಆದರೆ ಅದಕ್ಕಿಂತ ಕಡಿಮೆ ಓದಿದ ಎಷ್ಟೋ ಜಿಲ್ಲೆಗಳು ದೇಶದಲ್ಲಿ ಇದ್ದವು, ಅಲ್ಲೆಲ್ಲ ಇಷ್ಟು ಇರಲಿಲ್ಲ. ಇಲ್ಲಿ ದೇವದಾಸಿ ಪದ್ಧತಿ ಇತ್ತು. 1982ರಲ್ಲೇ ರಾಜ್ಯದಲ್ಲಿ ಕಾನೂನು ಬಂದರೂ ಒಳಗೊಳಗೇ ನಡೆಯಿತು. ದಲಿತ ಕೇರಿಯ ಹುಡುಗಿಗೆ ಮುತ್ತು ಕಟ್ಟಿ, ಆಮೇಲೆ ಊರಲ್ಲೇ, ಅಥವಾ ಸಾಂಗ್ಲಿ, ಪುಣೆ, ಮುಂಬೈಗೆ ಕಳಿಸಿ ದುಡಿಸುವ ವ್ಯವಸ್ಥೆ. ಮಹಾರಾಷ್ಟ್ರದ ಕಡೆಗೆ ಗುಳೆ ಹೋಗುವ ಗಂಡಸರು. ನೀರಾವರಿ, ಕಬ್ಬು ಬಂದು ಕೈಗೆ ರೊಕ್ಕ ಓಡಾಡಿದ ಹಳ್ಳಿಗಳು. ಇವೆಲ್ಲ ಸೇರಿದ ಜಾಗದಲ್ಲಿ ವೈರಸ್ಸಿಗೆ ದಾರಿ ತಾನಾಗಿ ಸಿಕ್ಕಿತು. ಆ ಹುಡುಗಿಗೆ ಓದು ತಪ್ಪಿದ್ದೂ, ಸೋಂಕು ತಗಲಿದ್ದೂ ಎರಡೂ ಒಂದೇ ಕಾರಣದಿಂದ. ಅವಳ ಜಾತಿ, ಬಡತನ ಮತ್ತು ಅವಳ ಮಾತಿಗೆ ಬೆಲೆ ಇಲ್ಲದ್ದು. ಓದು ತಪ್ಪಿದ್ದರಿಂದ ಸೋಂಕು ಬಂತು ಎಂದರೆ ಯಾರನ್ನು ದೂರಬೇಕೋ ಅವರನ್ನು ಬಿಟ್ಟು ಅವಳನ್ನೇ ದೂರಿದ ಹಾಗೆ.

ಇದಕ್ಕೆ ಪಕ್ಕಾ ಎದುರು ಉದಾಹರಣೆ ಮೈಸೂರಿನದು. 2004ರ ಸುಮಾರಿಗೆ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರೇ ಸೇರಿ ಆಶೋದಯ ಸಮಿತಿ ಕಟ್ಟಿಕೊಂಡರು. ಅವರಲ್ಲೇ ಕೆಲವರು ಗೆಳತಿಯರ ಬಳಿ ಹೋಗಿ ಮಾತಾಡುವುದು, ಕಾಂಡೋಮ್ ಹಂಚುವುದು, ಗುಪ್ತರೋಗಗಳಿಗೆ ತಮ್ಮದೇ ಕ್ಲಿನಿಕ್, ಪೊಲೀಸರು ಅಥವಾ ರೌಡಿಗಳು ಹೊಡೆದರೆ ತಕ್ಷಣ ಓಡಿ ಬರುವ ತಂಡ. 2009ರ ಹೊತ್ತಿಗೆ ಸೋಂಕಿನ ಪ್ರಮಾಣ ನೂರಕ್ಕೆ ಹನ್ನೊಂದರ ಆಸುಪಾಸಿಗೆ ಇಳಿದಿತ್ತು. ಲೈಂಗಿಕ ವೃತ್ತಿಯವರ ದೊಡ್ಡ ಕೇರಿಯಾದ ಕೋಲ್ಕತ್ತಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಶುರು ಮಾಡಿದ ಕೆಲಸವೂ ಇದೇ ದಾರಿಯದು. ಅಲ್ಲಿ ಮಹಿಳೆಯರು ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ಬ್ಯಾಂಕಿಗೂ ಎಚ್‌ಐವಿಗೂ ಏನು ಸಂಬಂಧ ಅಂತೀರಾ? ನಾಳೆಯ ಊಟಕ್ಕೆ ದುಡ್ಡಿದ್ದವಳು ಕಾಂಡೋಮ್ ಬೇಡ ಎನ್ನುವ ಗಿರಾಕಿಯನ್ನು ವಾಪಸ್ ಕಳಿಸಬಹುದು. ಇಲ್ಲದವಳು ಕಳಿಸಲಾರಳು, ಅವಳಿಗೆ ವಿಷಯ ಎಷ್ಟೇ ಗೊತ್ತಿರಲಿ.

ಓದು ಬಾರದವರಿಂದ ನಿಜ ಸಂಗತಿ ತಿಳಿಯುವುದಕ್ಕೂ ಕರ್ನಾಟಕದಲ್ಲಿ ಒಂದು ಒಳ್ಳೆಯ ಉಪಾಯ ಬಳಸಿದರು, ಪೋಲಿಂಗ್ ಬೂತ್ ಸರ್ವೆ ಅಂತ. ಮತಗಟ್ಟೆಯ ಥರ ಮರೆ ಇರುತ್ತದೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ, ಒಳಗಿರುವವರು ಚೀಟಿಯನ್ನು ಹೌದು ಅಥವಾ ಇಲ್ಲ ಡಬ್ಬಿಗೆ ಹಾಕುತ್ತಾರೆ. ಯಾರು ಏನು ಹಾಕಿದರು ಎಂದು ಯಾರಿಗೂ ಗೊತ್ತಾಗದು. ಎದುರು ಕೂತು ಕೇಳಿದಾಗ ‘ಯಾವಾಗಲೂ ಕಾಂಡೋಮ್ ಬಳಸ್ತೀವಿ’ ಎನ್ನುವವರ ನಿಜ ಇಲ್ಲಿ ಹೊರಬರುತ್ತದೆ. ಇದನ್ನು ನಿಮ್ಮ ತರಗತಿಗೂ ತರಬಹುದು, ಕೆಳಗೆ ಹೇಳುತ್ತೇನೆ.

ಅರಿವಿನ ಬಗ್ಗೆ ಒಂದೆರಡು ಮಾತು. ನಮ್ಮಲ್ಲಿ ಎಚ್‌ಐವಿ ಹೆಸರು ಕೇಳದವರು ಕಡಿಮೆ. ಆದರೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪೂರ್ತಿ ತಿಳಿವಳಿಕೆ ಇದ್ದದ್ದು ಶೇ. 21.6 ಹೆಂಗಸರಿಗೆ, ಶೇ. 30.7 ಗಂಡಸರಿಗೆ ಮಾತ್ರ. ಪೂರ್ತಿ ತಿಳಿವಳಿಕೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆ, ಸೋಂಕಿಲ್ಲದ ಒಬ್ಬರೇ ಸಂಗಾತಿ ಇದ್ದರೆ ಅಪಾಯ ಕಡಿಮೆ, ನೋಡಲು ಗಟ್ಟಿಮುಟ್ಟಾಗಿರುವವರಿಗೂ ಸೋಂಕು ಇರಬಹುದು, ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಜೊತೆಗೆ ಊಟ ಮಾಡಿದರೆ ಬರುವುದಿಲ್ಲ. ಇಷ್ಟೇ. ದೇಶದ ಮುಕ್ಕಾಲು ಭಾಗ ಜನ ಓದು ಬಲ್ಲವರು, ಆದರೆ ಇಷ್ಟು ಸರಿಯಾಗಿ ಗೊತ್ತಿರುವವರು ಅದರ ಅರ್ಧವೂ ಇಲ್ಲ. ಶಾಲೆಗೆ ಹೋದವರಿಗೂ ಇದನ್ನು ಶಾಲೆ ಹೇಳಿಕೊಡಲಿಲ್ಲ ಎಂದಾಯಿತು. ಯಾಕೆ ಹೇಳಿಕೊಡಲಿಲ್ಲ ಎಂದರೆ, 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ನಮ್ಮ ಸಂಸ್ಕೃತಿಗೆ ಒಗ್ಗದು ಎಂದು ಹಲವು ರಾಜ್ಯಗಳು ನಿಲ್ಲಿಸಿದವು, ಕರ್ನಾಟಕವೂ ಅದರಲ್ಲಿತ್ತು. ಆಗ ನಮ್ಮದು ದೇಶದ ಹೆಚ್ಚು ಸೋಂಕಿನ ರಾಜ್ಯಗಳಲ್ಲಿ ಒಂದು! ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಹಾಗಾದರೆ ಶಾಲೆಯಿಂದ ಪ್ರಯೋಜನ ಇದೆಯಾ? ಖಂಡಿತ ಇದೆ, ಎರಡು ರೀತಿಯಲ್ಲಿ.

ಒಂದು, ಹುಡುಗಿ ಶಾಲೆಯಲ್ಲಿ ಇರುವುದೇ ಒಂದು ರಕ್ಷಣೆ. ಬೋಟ್ಸ್ವಾನಾ 1996ರಲ್ಲಿ ಶಾಲಾ ವ್ಯವಸ್ಥೆ ಬದಲಿಸಿ ಹತ್ತನೇ ತರಗತಿಯನ್ನು ಕೆಳಗಿನ ಪ್ರೌಢಶಾಲೆಗೇ ಸೇರಿಸಿತು. ಮಕ್ಕಳು ಒಂದು ವರ್ಷ ಹೆಚ್ಚು ಓದುವಂತಾಯಿತು. ಮುಂದೆ ಅವರು ದೊಡ್ಡವರಾದ ಮೇಲೆ ಲೆಕ್ಕ ಹಾಕಿದಾಗ, ಆ ಒಂದು ಹೆಚ್ಚಿನ ವರ್ಷದಿಂದ ಎಚ್‌ಐವಿ ತಗಲುವ ಸಂಭವ ನೂರಕ್ಕೆ ಎಂಟರಷ್ಟು ಇಳಿದಿತ್ತು. ಅಂದರೆ ನೂರು ಜನರಲ್ಲಿ ಎಂಟು ಜನ ಉಳಿದುಕೊಂಡ ಹಾಗೆ. ಹುಡುಗಿಯರಲ್ಲಿ ಇನ್ನೂ ಜಾಸ್ತಿ. ಮಲಾವಿಯ ಜೋಂಬಾದಲ್ಲಿ ಹುಡುಗಿಯರಿಗೂ ಅವರ ಮನೆಯವರಿಗೂ ಪ್ರತಿ ತಿಂಗಳು ಸ್ವಲ್ಪ ದುಡ್ಡು ಕೊಟ್ಟರು. ಒಂದೂವರೆ ವರ್ಷದ ನಂತರ ನೋಡಿದಾಗ, ಶಾಲೆಯಲ್ಲಿದ್ದ ಹುಡುಗಿಯರ ಪೈಕಿ ದುಡ್ಡು ಸಿಕ್ಕವರಲ್ಲಿ ಸೋಂಕು ಶೇ. 1.2, ಸಿಗದವರಲ್ಲಿ ಶೇ. 3. ಅವರಿಗೆ ಎಚ್‌ಐವಿ ಪಾಠವನ್ನೇನೂ ವಿಶೇಷವಾಗಿ ಮಾಡಿರಲಿಲ್ಲ. ದುಡ್ಡಿಗಾಗಿ ದೊಡ್ಡ ವಯಸ್ಸಿನ ಗಂಡಸರ ಹಿಂದೆ ಹೋಗುವ ಅಗತ್ಯ ಕಡಿಮೆಯಾಯಿತು, ಅಷ್ಟೇ. ನಮ್ಮ ಕಡೆ ಇದನ್ನು ಬಾಲ್ಯವಿವಾಹಕ್ಕೆ ಹೊಂದಿಸಿ ನೋಡಿ. ಹದಿನಾರಕ್ಕೆ ಮದುವೆಯಾದ ಹುಡುಗಿ ಗಂಡನಿಗೆ ‘ಟೆಸ್ಟ್ ಮಾಡಿಸಿದ್ದೀಯಾ’ ಎಂದು ಕೇಳುತ್ತಾಳಾ? ಹಾಗಾಗಿ ನಿಮ್ಮ ಶಾಲೆಯ ಒಬ್ಬ ಹುಡುಗಿ ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಹೋಗುವಂತೆ ಅವಳ ಅಪ್ಪ ಅಮ್ಮನ ಹತ್ತಿರ ನೀವು ವಾದ ಮಾಡಿದರೆ, ಅದೇ ಎಚ್‌ಐವಿ ತಡೆಯುವ ಕೆಲಸ.

ಎರಡು, ಏನು ಹೇಳುತ್ತೀರಿ ಎನ್ನುವುದು. ಕೀನ್ಯಾದ ಪಶ್ಚಿಮ ಭಾಗದ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಸರ್ಕಾರದ ಪಠ್ಯ ‘ಮದುವೆ ತನಕ ಸಂಯಮ’ ಎಂದು ಬೋಧಿಸುತ್ತಿತ್ತು. ಶಿಕ್ಷಕರಿಗೆ ಅದರ ತರಬೇತಿ ಕೊಟ್ಟರೂ ಹದಿಹರೆಯದ ಬಸಿರು ಇಳಿಯಲಿಲ್ಲ. ಬೇರೆ ಕೆಲವು ಶಾಲೆಗಳಲ್ಲಿ ಒಂದು ಸಣ್ಣ ವಿಡಿಯೋ ತೋರಿಸಿ, ಯಾವ ವಯಸ್ಸಿನ ಗಂಡಸರಲ್ಲಿ ಸೋಂಕು ಎಷ್ಟಿದೆ ಎಂಬ ಅಂಕಿಯನ್ನು ಬೋರ್ಡಿನ ಮೇಲೆ ಬರೆದರು. ವಯಸ್ಸಾದ ಗಂಡಸರಲ್ಲಿ ಓರಗೆಯ ಹುಡುಗರಿಗಿಂತ ಎಷ್ಟೋ ಹೆಚ್ಚು ಎಂದು ಹುಡುಗಿಯರು ಕಣ್ಣಾರೆ ನೋಡಿದರು. ಒಂದೇ ಪೀರಿಯಡ್ಡಿನ ಮಾತು. ಬಸಿರಾದವರ ಸಂಖ್ಯೆ ಶೇ. 28ರಷ್ಟು ಇಳಿಯಿತು. ಹೆದರಿಸುವ, ಉಪದೇಶ ಮಾಡುವ ಪಾಠಕ್ಕಿಂತ, ನಿರ್ಧಾರಕ್ಕೆ ಬೇಕಾದ ಒಂದು ಅಂಕಿ ಹೆಚ್ಚು ಕೆಲಸ ಮಾಡಿತು.

ನಿಮ್ಮ ತರಗತಿಗೆ ನನ್ನ ಸಲಹೆ ಹೀಗಿದೆ. ಮೊದಲ ದಿನ ಪಾಠವನ್ನೇ ಮಾಡಬೇಡಿ, ಹೆಸರಿಲ್ಲದ ಚೀಟಿ ಡಬ್ಬಿ ಇಡಿ. ಎಲ್ಲರೂ ಏನಾದರೂ ಬರೆದು ಹಾಕಲಿ, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ, ಆಗ ಯಾರು ಕೇಳಿದರು ಎಂದು ಗೊತ್ತಾಗುವುದಿಲ್ಲ. ಸೊಳ್ಳೆ ಪ್ರಶ್ನೆ ಬಂದೇ ಬರುತ್ತದೆ. ನೀವು ವಿಜ್ಞಾನದವರು, ಸರಿಯಾಗಿ ವಿವರಿಸಿ: ಸೊಳ್ಳೆ ಕಚ್ಚುವಾಗ ಒಳಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಈ ವೈರಸ್ಸು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದೂ ಇಲ್ಲ, ಜೀರ್ಣವಾಗಿಬಿಡುತ್ತದೆ. ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆ ಕೂರಿಸಿದರೂ ಪರವಾಗಿಲ್ಲ, ಆದರೆ ಒಂದೇ ವಿಷಯ ಹೇಳಿ. ಹುಡುಗರಿಗೆ ಕಡಿಮೆ ಹೇಳುವ ಅಭ್ಯಾಸ ನಮ್ಮಲ್ಲಿದೆ.

ಭಯ ಹುಟ್ಟಿಸುವ ಅಸ್ಥಿಪಂಜರದ ಚಿತ್ರಗಳಿದ್ದರೆ ಗೋಡೆಯಿಂದ ತೆಗೆದುಹಾಕಿ. ನಿಮ್ಮ ಮುಂದೆ ಕೂತ ಮಕ್ಕಳಲ್ಲಿ ಒಬ್ಬಿಬ್ಬರ ಅಪ್ಪನೋ ಅಮ್ಮನೋ ಎಆರ್‌ಟಿ ಮಾತ್ರೆ ನುಂಗುತ್ತಿರಬಹುದು, ಮಗುವೇ ನುಂಗುತ್ತಿರಬಹುದು. ನಿಮ್ಮ ಜಿಲ್ಲೆಯಲ್ಲಿ ಈ ಮಾತು ಸುಮ್ನೆ ಹೇಳುತ್ತಿಲ್ಲ. ಆ ಮಗು ಕೇಳಿಸಿಕೊಳ್ಳಬೇಕಾದದ್ದು ಇದು: ಮಾತ್ರೆ ದಿನವೂ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಸೋಂಕಿರುವ ತಾಯಿ ಬಸಿರಿನಲ್ಲಿ ಚಿಕಿತ್ಸೆ ಪಡೆಯದಿದ್ದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45, ಪಡೆದರೆ ಐದಕ್ಕಿಂತ ಕಡಿಮೆ. ಓದು ನಿಜವಾಗಿ ನೆರವಾಗುವ ಇನ್ನೊಂದು ಜಾಗವೂ ಇದೇ. ಕಾರ್ಡಿನ ಮೇಲೆ ಬರೆದ ಮುಂದಿನ ತಾರೀಖು ಓದುವುದು, ಮಾತ್ರೆ ತಪ್ಪಿದರೆ ಏನು ಮಾಡಬೇಕು ಎಂದು ಕೇಳುವುದು, 2017ರ ಎಚ್‌ಐವಿ ಕಾನೂನಿನಲ್ಲಿ ತನಗೆ ಇರುವ ಹಕ್ಕು ತಿಳಿಯುವುದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ ತೆಗೆಯುವಂತಿಲ್ಲ ಎಂದು ಆ ಕಾನೂನು ಹೇಳುತ್ತದೆ. ಆದರೆ ಮರ್ಯಾದೆಯ ಭಯ ಓದಿದವರಲ್ಲೇ ಜಾಸ್ತಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಕೂಲಿ ಮಾಡುವ ಹೆಂಗಸು ಬಂದು ಸಾಲಿನಲ್ಲಿ ನಿಂತು ಮಾತ್ರೆ ತೆಗೆದುಕೊಂಡು ಹೋಗುತ್ತಾಳೆ. ನೌಕರಿಯಲ್ಲಿರುವವರು ಗುರುತಿನವರು ನೋಡಿಯಾರು ಎಂದು ತಿಂಗಳುಗಟ್ಟಲೆ ಬರುವುದೇ ಇಲ್ಲ.

ಕೊನೆಗೆ, ಬೋರ್ಡಿನ ಮೇಲೆ ಬರೆಯಿಸಬೇಕಾದದ್ದು 1097, ಎಚ್‌ಐವಿ ಬಗ್ಗೆ ಏನೇ ಕೇಳಬೇಕಿದ್ದರೂ ಉಚಿತ ಸಹಾಯವಾಣಿ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರ) ಪರೀಕ್ಷೆಯೂ ಕೌನ್ಸೆಲರ್ ಮಾತೂ ಉಚಿತ, ಗುಟ್ಟಾಗಿ ಇಡುತ್ತಾರೆ. ಹದಿನೆಂಟು ತುಂಬದವರ ಪರೀಕ್ಷೆಗೆ ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಯಾರಾದರೂ ವಿದ್ಯಾರ್ಥಿ ನಿಮ್ಮ ಬಳಿ ಬಂದು ಮನಸ್ಸು ಬಿಚ್ಚಿದರೆ ನೇರ ಪರೀಕ್ಷೆಗೆ ಓಡಿಸಬೇಡಿ, ಮೊದಲು ಹದಿಹರೆಯದವರಿಗಾಗಿಯೇ ಇರುವ ಸ್ನೇಹಾ ಕ್ಲಿನಿಕ್‌ನ ಆಪ್ತಸಮಾಲೋಚಕರಿಗೆ ಮಾತಾಡಿಸಿ. ಆದರೆ ಯಾರಾದರೂ ಬಲವಂತ ಮಾಡಿದ್ದಾರೆ ಎಂದು ಮಗು ಹೇಳಿದರೆ ಅದು ಬೇರೆಯೇ ವಿಷಯ, ತಡಮಾಡುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸುವುದು ನಿಮ್ಮ ಕರ್ತವ್ಯ, ಮತ್ತು ಸೋಂಕು ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗುವನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶಾಲೆಯಲ್ಲಿ ಅನಗತ್ಯವಾಗಿ ಯಾರಿಗೂ ಹೆಸರು ಹೇಳಬೇಡಿ.